ಸಾಕೆಂದು ಕೂಗದ ದಿನ

ಅವಳು ಕೂಗಬೇಕಿತ್ತು. ಕೂಗಲಿಲ್ಲ.

ಆದದ್ದು ಅಷ್ಟೇ. ಆದರೆ ಅಷ್ಟರಲ್ಲಿ ಡ್ರಮ್ಮಿನೊಳಗಿನ ಭತ್ತ ಬೆಂದು, ಬಾಯಿ ಒಡೆದು, ಮುದ್ದೆಯಾಗಿ, ಮುಚ್ಚಳದ ಸಂದಿಯಿಂದ ಗಂಜಿಯ ಹಾಗೆ ಉಕ್ಕಿ ಸುರಿಯತೊಡಗಿತು. ಬಿಳಿ ಆವಿ ಮಾಡಿನ ಹಂಚು ಮುಟ್ಟಿತು. ಬಾಯ್ಲರಿನ ಬಾಯಿಗೆ ಉಮಿ ಎಸೆಯುತ್ತಿದ್ದ ಮೇದಪ್ಪ ತಿರುಗಿ ನೋಡಿದವನೇ ಒಂದೇ ನೆಗೆತಕ್ಕೆ ವಾಲ್ವಿನ ಚಕ್ರ ಹಿಡಿದ. ಚಕ್ರ ಕಿರ್ರೆಂದಿತು, ಜಾರಿತು, ಮತ್ತೆ ಕಚ್ಚಿ ಹಿಡಿಯಿತು. ಆವಿ ನಿಂತಿತು.

"ಬಾಯಿ ಇಲ್ವಾ ನಿಂಗೆ?"

ಆ ಸ್ವರಕ್ಕೆ ಅಂಗಳದಲ್ಲಿ ಭತ್ತ ಹರಡುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ದಮಯಂತಿ ಡ್ರಮ್ಮಿನ ಪಕ್ಕದ ಅಟ್ಟಳಿಗೆಯ ಮೇಲೆ, ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದಳು.

"ನಿದ್ದೆ ಮಾಡ್ಲಿಕ್ಕೆ ಮಿಲ್ಲಿಗೆ ಬರುದಾ? ಮನೆಯಲ್ಲಿ ಚಾಪೆ ಇಲ್ವಾ? ಭತ್ತ ಬೆಂದ ಕೂಡ್ಲೆ 'ಸಾಕು' ಅಂತ ಕೂಗುದು, ಅಷ್ಟೇ ನಿನ್ನ ಕೆಲಸ. ಅದೂ ಆಗುದಿಲ್ಲಾಂತಾದ್ರೆ ಆ ಬಾಯಿ ಎಂತಕ್ಕೆ ಇಟ್ಕೊಂಡದ್ದು, ಎಲೆ ಅಡಿಕೆ ತಿನ್ಲಿಕ್ಕಾ?"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು.

ದಮಯಂತಿ ನಿದ್ದೆ ಮಾಡಿರಲಿಲ್ಲ. ಅವಳು ಏನು ಮಾಡುತ್ತಿದ್ದಳೋ ಅದನ್ನು ಲೋಕದಲ್ಲಿ ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಲಾಗದ್ದು ಗಂಟಲಲ್ಲಿ ಸಿಕ್ಕಿಕೊಂಡಿತು, ಸಿಕ್ಕಿಕೊಂಡದ್ದು ಉರಿಯಿತು, ಉರಿದದ್ದು ಬೇರೆಯೇ ಆಗಿ ಹೊರಗೆ ಬಿತ್ತು.

"ಬಾಯಿ ಉಂಟು," ಎಂದಳು. "ಆದ್ರೆ ನಿಮ್ಮತ್ರ ಇನ್ನು ಒಂದು ಮಾತಾಡಿದ್ರೆ, ಆ ಗುಳಿಗನಾಣೆ, ನನ್ನನ್ನು ಅವನೇ ಕೊಂಡೋಗ್ಲಿ."

ಅವಳ ಕೈ ಮಿಲ್ಲಿನ ಹಿಂದಿನ ಹಾಲೆ ಮರದ ಕಡೆ ತೋರಿಸಿತ್ತು. ಮರದ ಬುಡದಲ್ಲಿ ಗುಳಿಗ ದೈವದ ಕಲ್ಲು. ಎಲ್ಲರ ಕಣ್ಣೂ ಅತ್ತ ಹೋಯಿತು. ಅಟ್ಟಳಿಗೆಯ ಕೆಳಗೆ ನಿಂತಿದ್ದ ಮುದುಕಿ ತಿಮ್ಮಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಎಂತ ಹೇಳಿದೆ ಮಗಾ ನೀನು?"

ಎಂತ ಹೇಳಿದೆ ಎಂದು ದಮಯಂತಿಗೆ ಆಗಲೇ ಗೊತ್ತಾದದ್ದು. ಬೆನ್ನಿನ ಬೆವರು ಒಮ್ಮೆಗೇ ತಣ್ಣಗಾಯಿತು.

ಗಂಡಸು ಕಿರುಚಿದರೆ ಅದು ಕೆಲಸದ ಬಿಸಿ, ಹೆಂಗಸು ತಿರುಗಿ ಹೇಳಿದರೆ ಅದು ಬಾಯಿ. ಮಿಲ್ಲಿನ ನ್ಯಾಯ ಹಾಗೆ. ಯಾರು ಬರೆದದ್ದೋ, ಅವನ ಕೈ ಬಿದ್ದುಹೋಗಲಿ. ಅಂದು ಸಂಜೆಯವರೆಗೂ ಎಲ್ಲರೂ ಅವಳ ಬಾಯಿಯ ಮಾತನ್ನೇ ಆಡಿದರು. ಅವನ ಬಾಯಿಯ ಸುದ್ದಿ ಯಾರೂ ಎತ್ತಲಿಲ್ಲ.

*

ಸುಳ್ಯ ಪೇಟೆಯ ಕೊನೆಯಲ್ಲಿ, ಪಯಸ್ವಿನಿಯ ದಂಡೆಗೆ ಅಂಟಿಕೊಂಡು ಅಹ್ಮದ್ ಕುಂಞಿ ಸಾಹುಕಾರರ ಅಕ್ಕಿ ಮಿಲ್ಲು. ರಾಜ್ಯ ಒಂದಾದ ಮರುವರ್ಷ ಅವರು ಮಂಗಳೂರಿನಿಂದ ಹಳೆಯ ಬಾಯ್ಲರೊಂದನ್ನು ಲಾರಿಯಲ್ಲಿ ತಂದು ನಿಲ್ಲಿಸಿದ್ದರು. ಕೊಲ್ಲಮೊಗ್ರಿನ ಮೇದಪ್ಪ ಅದಕ್ಕೆ ಬೆಂಕಿ ಹಾಕುವವನು. ಹೊಳೆಯಾಚೆ ಅಜ್ಜಾವರದಿಂದ ದಿನಾ ದೋಣಿ ದಾಟಿ ಬರುವ ದಮಯಂತಿ ಡ್ರಮ್ಮು ನೋಡುವವಳು. ಬಾಯ್ಲರಿನಿಂದ ಡ್ರಮ್ಮಿಗೆ ಒಂದು ಪೈಪು. ಅವನು ಆವಿ ಬಿಡಬೇಕು, ಭತ್ತ ಬೆಂದಾಗ ಅವಳು "ಸಾಕು" ಎಂದು ಕೂಗಬೇಕು, ಅವನು ವಾಲ್ವು ಮುಚ್ಚಬೇಕು. ಆಮೇಲೆ ಅವಳು ಅಡಿಯ ಬಾಗಿಲು ತೆಗೆಯಬೇಕು. ಕೂಗು ತಪ್ಪಿದರೆ ಭತ್ತ ಹಾಳು, ಇಲ್ಲವೇ ಮೈಯೇ ಬೇಯುತ್ತದೆ.

ಈಗ ಆ ಕೂಗಿಗೇ ಬೀಗ ಬಿತ್ತು.

ಆ ಸೀಮೆಯಲ್ಲಿ ಬೈಗುಳಕ್ಕೆ ಬೆಲೆಯಿಲ್ಲ. ಬೈದವನೂ ಬೈಸಿಕೊಂಡವನೂ ಸಂಜೆಗೆ ಒಂದೇ ಬೀಡಿ ಸೇದುತ್ತಾರೆ. ಆದರೆ ಆಣೆ ಬೇರೆ. ದಮಯಂತಿಯ ದೊಡ್ಡಪ್ಪ ತಮ್ಮನ ಜೊತೆ ಜಗಳಾಡಿ, ನಿನ್ನ ಬಾವಿಯ ನೀರು ಮುಟ್ಟಿದರೆ ದೈವ ನೋಡಲಿ ಅಂದಿದ್ದ. ಒಂದು ಬೇಸಗೆಯಲ್ಲಿ ಬಾಯಾರಿಕೆ ತಡೆಯದೆ ಮುಟ್ಟಿದ. ಮಳೆ ಬರುವ ಮೊದಲು ರಕ್ತ ಕಾರಿ ಸತ್ತ. ಡಾಕ್ಟರು ಕ್ಷಯ ಅಂದರು. ಮನೆಯವರು ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ದಮಯಂತಿಯ ಎದೆಯಲ್ಲಿ ಸಣ್ಣವಳಿದ್ದಾಗಿನಿಂದ ಕೂತಿತ್ತು.

ಮರುದಿನ ಬೆಳಿಗ್ಗೆ ಸಾಹುಕಾರರು ಇಬ್ಬರನ್ನೂ ಕರೆದು ನಿಲ್ಲಿಸಿದರು. ಒಬ್ಬಳು ನೆಲ ನೋಡುತ್ತಿದ್ದಳು. ಒಬ್ಬ ಮಾಡು ನೋಡುತ್ತಿದ್ದ.

"ಮಾತಾಡಿ ರಾಜಿ ಆಗಿ ಅಂತ ಹೇಳುವ ಅಂದ್ರೆ ಮಾತೇ ಇಲ್ಲ," ಎಂದು ಸಾಹುಕಾರರು ಟೊಪ್ಪಿ ತೆಗೆದು ತಲೆ ತುರಿಸಿದರು. "ನಿಮ್ಮ ಗುಳಿಗನಿಗೆ ನನಗೂ ಹೆದರಿಕೆಯೇ ಮಾರಾಯ್ತಿ. ಆದ್ರೆ ಬಾಯ್ಲರ್ ಗುಳಿಗನಿಗಿಂತ ಹತ್ರ ಉಂಟು. ಒಂದು ಕೆಲಸ ಮಾಡುವ. ನೀನು ಪೈಪಿಗೆ ಸಲಾಕೆಯಲ್ಲಿ ಬಡಿ. ಒಂದು ಪೆಟ್ಟು ಅಂದ್ರೆ ಆವಿ ಬಿಡು. ಎರಡು ಅಂದ್ರೆ ಸಾಕು. ಅದು ಮಾತಲ್ಲ ಅಲ್ವಾ?"

ದಮಯಂತಿ ನೆಲ ನೋಡುತ್ತಲೇ ತಲೆಯಾಡಿಸಿದಳು.

"ಸಾಹುಕಾರ್ರೆ," ಎಂದ ಮೇದಪ್ಪ, "ಅದಕ್ಕಿಂತ ಮೊದಲು ಆ ವಾಲ್ವು. ಅದು ಜಾರ್ತಾ ಉಂಟು. ಎಷ್ಟು ಸಲ ಹೇಳುದು ನಾನು?"

"ಸುಗ್ಗಿಯ ರಾಶಿ ಒಂದು ಮುಗೀಲಿ ಮೇದಪ್ಪ. ಮಿಲ್ಲು ನಿಲ್ಲಿಸಿದ್ರೆ ಭತ್ತ ಮೊಳಕೆ ಬರ್ತದೆ."

ಮೇದಪ್ಪನ ದವಡೆ ಬಿಗಿಯಾಯಿತು. ದಮಯಂತಿ ಅದನ್ನು ಕಡೆಗಣ್ಣಲ್ಲಿ ನೋಡಿದಳು. ಬೈಯುವ ಮುಖ ಅಲ್ಲ ಅದು. ಏನೋ ಬರುತ್ತಿದೆ ಎಂದು ಗೊತ್ತಿದ್ದೂ ಓಡಲಾಗದವನ ಮುಖ.

*

ಆಣೆ ಇಟ್ಟವಳು ಅವಳು. ಮಾತಾಡಬಾರದ್ದು ಅವಳು. ಅವನಿಗೆ ತಡೆ ಇರಲಿಲ್ಲ. ಆದರೆ ಕೊಲ್ಲಮೊಗ್ರಿನವರ ಬಿಂಕ ಸಣ್ಣದಲ್ಲ. ಅವನು ಅವಳ ಜೊತೆ ನೇರ ಮಾತಾಡಲಿಲ್ಲ. ಮುದುಕಿಯ ಮೂಲಕ ಶುರುಮಾಡಿದ.

"ತಿಮ್ಮಕ್ಕ, ಡ್ರಮ್ಮಿನ ಹತ್ರ ನಿಂತವರಿಗೆ ಹೇಳಿ, ಕಾಲು ಸ್ವಲ್ಪ ಹಿಂದೆ ಇಡ್ಲಿಕ್ಕೆ. ಪೈಪು ಬಿಸಿ ಉಂಟು."

ದಮಯಂತಿ ಹಾಲೆ ಮರದ ಕಡೆ ನೋಡಿದಳು. ಎಲೆ ಅಲುಗಲಿಲ್ಲ. ನಾನು ತಿಮ್ಮಕ್ಕನಿಗೆ ಹೇಳುತ್ತಿದ್ದೇನೆ, ಅವನಿಗಲ್ಲ. ಗುಳಿಗಾ, ನೀನು ಕೇಳುತ್ತಿದ್ದೀಯಲ್ಲ, ತಿಮ್ಮಕ್ಕನಿಗೆ.

"ತಿಮ್ಮಕ್ಕ, ಬಾಯ್ಲರಿನ ಹತ್ರ ನಿಂತವರಿಗೆ ಹೇಳಿ, ಬೇರೆಯವರ ಕಾಲು ನೋಡುದು ಬಿಟ್ಟು ಬೆಂಕಿ ನೋಡ್ಲಿಕ್ಕೆ."

"ನಾನೆಂತ ನಿಮ್ಮ ಟಪ್ಪಾಲು ಪೆಟ್ಟಿಗೆಯಾ?" ಎಂದಳು ತಿಮ್ಮಕ್ಕ. "ಹಾಗಾದ್ರೆ ಸ್ಟಾಂಪು ಹಚ್ಚಿ ಮಾರಾಯ್ರೆ. ನಾಳೆಯಿಂದ ಒಂದು ಮಾತಿಗೆ ಒಂದು ವೀಳ್ಯ."

ಮೇದಪ್ಪ ಬೆಂಕಿಯ ಕಡೆ ತಿರುಗಿದ. ಅವನ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದ. ಆ ಮನುಷ್ಯನಿಗೆ ನಗಲಿಕ್ಕೆ ಬರುತ್ತದೆ ಎಂದು ದಮಯಂತಿಗೆ ಗೊತ್ತಾದದ್ದು ಬೆನ್ನಿನಿಂದ.

ಮರುದಿನ ತಿಮ್ಮಕ್ಕನ ಬುಟ್ಟಿಯಲ್ಲಿ ಒಂದು ಕಟ್ಟು ವೀಳ್ಯದೆಲೆ ಇತ್ತು. ಯಾರು ಇಟ್ಟದ್ದು ಎಂದು ಮುದುಕಿ ಕೇಳಲಿಲ್ಲ.

ಆಮೇಲೆ ಪೈಪು ಶುರುವಾಯಿತು. ಅವಳು ಎರಡು ಪೆಟ್ಟು ಬಡಿದಳು, ಅವನು ವಾಲ್ವು ಮುಚ್ಚಿದ. ಮುಚ್ಚಿದ ಮೇಲೆ ಅತ್ತಲಿಂದ ಸಣ್ಣಗೆ ಒಂದು 'ಟಿಣ್' ಬಂತು. ಕೈ ತಾಗಿತೋ ಏನೋ ಎಂದುಕೊಂಡಳು. ಮುಂದಿನ ಸಲವೂ ಬಂತು. ಅದರ ಮುಂದಿನ ಸಲ ಅವಳ ಸಲಾಕೆ ತಾನಾಗಿ ಮತ್ತೊಂದು 'ಟಿಣ್' ಅಂದಿತು. ಅಂದ ಕೂಡಲೇ ಅವಳ ಕೆನ್ನೆ ಬಿಸಿಯಾಯಿತು, ಕೈ ತಣ್ಣಗಾಯಿತು. ಒಂದೇ ಮೈಯಲ್ಲಿ ಎರಡೂ ಹೇಗೆ ಆಗುತ್ತದೋ.

ಬೆಳಿಗ್ಗೆ ಬಂದಾಗ ಒಂದು ಟಿಣ್. ಊಟಕ್ಕೆ ಹೋಗುವಾಗ ಒಂದು. ಅವನು ಕೆಮ್ಮಿದರೆ ಇವಳು ವಿಚಾರಿಸುವ ಹಾಗೆ ಒಂದು. ಆವಿ ಹೋಗುವ ದಾರಿಯಲ್ಲೇ ಇವರ ಟಿಣ್ ಟಿಣ್ ಓಡಾಡಿತು.

"ಇದೆಂತ, ಬಾಯ್ಲರಿಗೆ ನೆಗಡಿಯಾ?" ಎಂದು ತಿಮ್ಮಕ್ಕ ಕೇಳುವಳು.

ದಿನಾ ಸಂಜೆ ದೋಣಿಗೆ ಹೋಗುವ ಮೊದಲು ದಮಯಂತಿ ಗುಳಿಗನ ಕಲ್ಲಿನ ಹತ್ತಿರ ನಿಂತು ಕೈಮುಗಿದಳು. 'ಅದು ಮಾತಲ್ಲ. ಕಬ್ಬಿಣದ ಶಬ್ದ ಅದು.' ಕಲ್ಲು ಸುಮ್ಮನಿತ್ತು. ಸುಮ್ಮನಿರುವವರನ್ನು ನಂಬುವುದು ಹೇಗೆ?

*

ಒಂದು ಮಧ್ಯಾಹ್ನ ಗಂಜಿ ಉಂಡು, ಮೂವರೂ ಬಾಯ್ಲರಿನ ನೆರಳಲ್ಲಿ ದೂರದೂರ ಕೂತಿದ್ದರು. ಮೇದಪ್ಪ ತಿಮ್ಮಕ್ಕನ ಕಡೆ ನೋಡಿ ಮಾತಾಡಿದ. ಆದರೆ ಆ ಮಾತು ತಿಮ್ಮಕ್ಕನಿಗಲ್ಲ ಎಂದು ತಿಮ್ಮಕ್ಕನಿಗೂ ಗೊತ್ತಿತ್ತು.

"ಐದನೇ ಕ್ಲಾಸು ಬಿಟ್ಟು ಕಬಕದ ಹತ್ರ ಒಂದು ಮಿಲ್ಲಿಗೆ ಸೇರಿದ್ದು ನಾನು. ಬೆಂಕಿ ಕೆಲಸ ಕಲಿಸಿದ್ದು ಹಕೀಮ್ ಬ್ಯಾರಿ. ಹೊಡೆದದ್ದಿಲ್ಲ, ಬೈದದ್ದಿಲ್ಲ. ಒಂದು ದಿನ ಪೈಪಿನ ಜಾಯಿಂಟು ಬಿಡ್ತಾ ಬಂತು. ಬ್ಯಾರಿ ಆಚೆ ಮುಖ ಮಾಡಿ ಬಗ್ಗಿದ್ರು. ಅಲ್ಲಿದ್ದವರೆಲ್ಲ ನೋಡಿದ್ರು ತಿಮ್ಮಕ್ಕ. ದಣಿಗಳು ಪಕ್ಕದಲ್ಲೇ ನಿಂತಿದ್ರು, ಬೊಬ್ಬೆ ಹಾಕಿದ್ರೆ ಬೈತಾರೆ ಅಂತ ಯಾರೂ ಕೂಗ್ಲಿಲ್ಲ. ನಾನೂ ಕೂಗ್ಲಿಲ್ಲ."

"ಮತ್ತೆ?"

"ಎರಡು ಕಣ್ಣೂ ಹೋಯ್ತು. ಈಗ ಮನೆಯ ಜಗಲಿಯಲ್ಲಿ ಕೂತಿರ್ತಾರೆ. ನಾನು ಹೋದ್ರೆ ಸ್ವರದಲ್ಲಿ ಗುರ್ತ ಹಿಡೀತಾರೆ. ಹೇಗಿದ್ದಿ ಮೇದಪ್ಪ, ಎತ್ತರ ಆದ್ಯಾ ಅಂತ ಕೇಳ್ತಾರೆ."

ಅವನು ಕೈಯಲ್ಲಿದ್ದ ಉಮಿಯನ್ನು ನೆಲಕ್ಕೆ ಸುರಿದ.

"ಯಾರಾದ್ರೂ ಕೂಗ್ಲಿಕ್ಕೆ ಮರೆತ್ರೆ ನಂಗೆ ಮೈಮೇಲೆ ಬಂದ ಹಾಗೆ ಆಗ್ತದೆ. ಎಲ್ಲರೂ ಕೋಪ ಅಂತ ಹೇಳ್ತಾರೆ. ಕೋಪವೇ ಅಂತ ಇಟ್ಕೊಳ್ಳಿ. ಅದ್ರ ಅಡಿಯಲ್ಲಿ ಎಂತ ಉಂಟು ಅಂತ ನಂಗೆ ಮಾತ್ರ ಗೊತ್ತು."

ದಮಯಂತಿ ಅವನ ಕಡೆ ತಿರುಗಿದಳು. ತಪ್ಪಾಯಿತು ಅನ್ನಬೇಕಿತ್ತು. ತುಟಿ ತೆರೆಯಿತು ಕೂಡ. ಹಾಲೆ ಮರದಿಂದ ಕಾಗೆಯೊಂದು ಬಡಬಡನೆ ಹಾರಿತು. ತುಟಿ ಮುಚ್ಚಿಕೊಂಡಳು.

ಅವನು ಎದ್ದು ಹೋಗುವಾಗ ಒಮ್ಮೆ ತಿರುಗಿದ. ಅಷ್ಟು ದಿನಗಳಲ್ಲಿ ಮೊದಲ ಸಲ ನೇರ ಅವಳ ಕಣ್ಣು ನೋಡಿದ. ಅವಳೂ ನೋಡಿದಳು. ಕಣ್ಣಿಗೆ ಆಣೆ ಇಟ್ಟಿರಲಿಲ್ಲವಲ್ಲ.

*

ಆ ಶುಕ್ರವಾರ ಡ್ರಮ್ಮಿನ ತಳದಲ್ಲಿ ಭತ್ತ ಅಂಟಿ ಕರಿ ಹಿಡಿದಿತ್ತು. ಅದನ್ನು ಕೆರೆಯಬೇಕಾದರೆ ಬೆಂಕಿ ಆರಿಸಿ, ಬಾಯ್ಲರ್ ತಣಿದ ಮೇಲೆ ಡ್ರಮ್ಮಿಗೆ ಇಳಿಯಬೇಕು. ಆದರೆ ನೆನೆಹಾಕಿದ ಭತ್ತ ತೊಟ್ಟಿಯಲ್ಲಿ ಹುಳಿ ವಾಸನೆ ಹೊಡೆಯುತ್ತಿತ್ತು.

"ಬೇಗ ಮೇದಪ್ಪ, ಬೇಗ," ಎಂದು ಹೇಳಿ ಸಾಹುಕಾರರು ಜುಮ್ಮಾ ನಮಾಜಿಗೆ ಹೋದರು.

ಮೇದಪ್ಪ ಬೆಂಕಿ ಆರಿಸದೆ ವಾಲ್ವು ಮಾತ್ರ ಬಿಗಿದು, ಚಕ್ರವನ್ನು ಮತ್ತೊಮ್ಮೆ ಅಲುಗಿಸಿ ನೋಡಿ, ಅಟ್ಟಳಿಗೆ ಹತ್ತಿ ಡ್ರಮ್ಮಿನೊಳಗೆ ಇಳಿದ. ಇಳಿಯುವ ಮೊದಲು ದಮಯಂತಿಯ ಕೈಯ ಸಲಾಕೆಯನ್ನು ನೋಡಿ ಹುಬ್ಬು ಹಾರಿಸಿದ. ತಿಮ್ಮಕ್ಕ ಅಂಗಳದ ಆ ತುದಿಯಲ್ಲಿ ಕೋಳಿ ಓಡಿಸುತ್ತಿದ್ದಳು. ಅಕ್ಕಿ ಬಿಡಿಸುವ ಮೆಶೀನಿನ ಬೆಲ್ಟು ಪಟಪಟ ಬಡಿಯುತ್ತಿತ್ತು.

ಆಗ ದಮಯಂತಿಗೆ ಕಂಡಿತು. ಪೈಪಿನ ಜಾಯಿಂಟಿನಲ್ಲಿ ಬಿಳಿ ನೂಲಿನ ಹಾಗೆ ಒಂದು ಎಳೆ.

ನೂಲು ಹಗ್ಗವಾಯಿತು. ಹಿಸ್ ಎಂದಿತು.

ಎರಡು ಪೆಟ್ಟು ಬಡಿದಳು. ಸಾಕು, ಸಾಕು! ಒಳಗಿನಿಂದ ಅವನು ತನ್ನ ಕೆರೆಯುವ ಕಬ್ಬಿಣದಲ್ಲಿ ಡ್ರಮ್ಮಿಗೆ ಬಡಿದ. ಟಿಣ್. ಅವನು ಆಟ ಅಂದುಕೊಂಡಿದ್ದ. ಅವಳು ಜೋರಾಗಿ ಬಡಿದಳು, ಕೈ ಜುಮ್ಮೆನ್ನುವಷ್ಟು. ಅವನೂ ಜೋರಾಗಿ ಬಡಿದ. ಟಿಣ್ ಟಿಣ್ ಟಿಣ್! ಒಳಗೆ ನಗು ಕೇಳಿಸಿತು.

ಅವಳು ವಾಲ್ವಿಗೆ ಓಡಿದಳು. ಚಕ್ರ ಹಿಡಿದು ತಿರುಗಿಸಿದಳು. ಅದು ತಿರುಗಿತು, ತಿರುಗುತ್ತಲೇ ಇತ್ತು. ಕಚ್ಚಲಿಲ್ಲ. ನೀರಿಲ್ಲದ ಬಾವಿಯ ರಾಟೆಯ ಹಾಗೆ ಸುಮ್ಮನೆ ತಿರುಗಿತು.

ಡ್ರಮ್ಮಿನ ಬಾಯಿಂದ ಬಿಳಿ ಎದ್ದಿತು.

ಅವಳಿಗೆ ಹಾಲೆ ಮರ ಕಂಡಿತು. ರಕ್ತ ಕಾರಿದ ದೊಡ್ಡಪ್ಪ ಕಂಡ. ಕಬಕದ ಜಗಲಿಯಲ್ಲಿ ಕಣ್ಣಿಲ್ಲದೆ ಕೂತವರು ಕಂಡರು.

"ಮೇದಪ್ಪಾ! ಮೇಲೆ ಬನ್ನಿ! ಆವಿ! ಆವಿ ಬಂತು, ಮೇದಪ್ಪಾ!"

ಆ ಕೂಗಿಗೆ ಬೆಲ್ಟಿನ ಸದ್ದೂ ಮುಳುಗಿತು. ಎರಡು ಕೈ ಡ್ರಮ್ಮಿನ ಅಂಚು ಹಿಡಿಯಿತು. ಅವಳು ಆ ಕೈಗಳನ್ನು ಹಿಡಿದು ಎಳೆದಳು. ಅವನು ಅಟ್ಟಳಿಗೆಯ ಮೇಲೆ ಬಿದ್ದ ಕ್ಷಣದಲ್ಲೇ ಡ್ರಮ್ಮು ಬುಸ್ಸೆಂದು ಮಾಡಿನವರೆಗೂ ಆವಿ ಉಗುಳಿತು.

ಅವನ ಎಡಗಾಲಿನ ಹಿಮ್ಮಡಿ ಬೆಂದಿತ್ತು. ಉಳಿದದ್ದೆಲ್ಲ ಇತ್ತು. ಕಣ್ಣು ಇತ್ತು. ಆ ಕಣ್ಣು ಅವಳನ್ನೇ ನೋಡುತ್ತಿತ್ತು.

ಓಡಿ ಬಂದ ಜನ ಬೆಂಕಿ ಎಳೆದು ಹಾಕಿದರು. ಯಾರೋ ಗಾಯಕ್ಕೆ ಬಾಳೆದಿಂಡು ಜಜ್ಜಿದರು. ತಿಮ್ಮಕ್ಕ ಏದುಸಿರು ಬಿಡುತ್ತ ಬಂದಳು.

"ಕೂಗಿದ್ದು ಯಾರು? ಮಗಾ, ಕೂಗಿದ್ದು ನೀನಾ?"

ಓಡಿ ಬಂದವರು ಒಬ್ಬೊಬ್ಬರಾಗಿ ಹಾಲೆ ಮರದ ಕಡೆ ನೋಡಿದರು.

ದಮಯಂತಿ ಅಟ್ಟಳಿಗೆಯಿಂದ ಇಳಿದು, ಯಾರ ಮುಖವನ್ನೂ ನೋಡದೆ, ದೋಣಿಯ ಕಡೆ ಓಡಿದಳು.

*

ಜ್ವರ ಬಂತು. ಬರಲೇಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು.

ಸಂಜೆ ಅವ್ವ ಹಚ್ಚಿದ ದೀಪ ಗಾಳಿಯಿಲ್ಲದೆ ಆರಿತು. ಹಟ್ಟಿಯ ದನ ಬಾಳೆಲೆ ಮೂಸಿ ಬಿಟ್ಟಿತು. ಕೆಮ್ಮಿದಾಗಲೆಲ್ಲ ದಮಯಂತಿ ಅಂಗೈ ನೋಡಿಕೊಂಡಳು, ಕೆಂಪು ಉಂಟಾ ಎಂದು. ಇರಲಿಲ್ಲ. ಇವತ್ತಿಲ್ಲ, ನಾಳೆ ಇರುತ್ತದೆ.

ವಿಚಿತ್ರವೆಂದರೆ ಕೂಗಿದ್ದಕ್ಕೆ ಅವಳಿಗೆ ಪಶ್ಚಾತ್ತಾಪ ಇರಲಿಲ್ಲ. ಹೆದರಿಕೆ ಮಾತ್ರ ಇತ್ತು. ಸಾಯುತ್ತೇನೆ ಎಂಬ ಹೆದರಿಕೆ. ಸತ್ತರೆ ಆ ಬೆನ್ನು ನಗುವುದನ್ನು ಇನ್ನೊಮ್ಮೆ ನೋಡಲಾಗದಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ಭಾನುವಾರ ಅವ್ವ ಬಾಗಿಲಿಗೆ ಬಂದು, "ಯಾರೋ ಕುಂಟಿಕೊಂಡು ಬರ್ತಾ ಇದ್ದಾರೆ," ಎಂದಳು.

ದಮಯಂತಿ ಒಳಕೋಣೆಯ ಬಾಗಿಲು ಮುಚ್ಚಿಕೊಂಡಳು. ಹೊರಗೆ ಅವ್ವ ನೀರು ಬೆಲ್ಲ ಕೊಟ್ಟದ್ದು ಕೇಳಿಸಿತು. ಆಮೇಲೆ ಎಳೆಯುವ ಹೆಜ್ಜೆ ಬಾಗಿಲಿನ ಹತ್ತಿರ ಬಂದು ನಿಂತಿತು.

"ದಮಯಂತಿ."

ಇಷ್ಟು ಸಣ್ಣ ಸ್ವರ ಅವನ ಹತ್ತಿರ ಎಲ್ಲಿತ್ತು?

"ನೀನು ಮಾತಾಡ್ಬೇಡ. ಕೇಳು ಮಾತ್ರ. ಆ ಕಲ್ಲಿನ ಸೇವೆ ಮಾಡುದು ಮಾಯಿಲಪ್ಪ, ನಮ್ಮ ಮಿಲ್ಲಿನಲ್ಲಿ ಮೂಟೆ ಹೊರುವವರು. ನಿನ್ನೆ ಅವರ ಮನೆಗೆ ಹೋಗಿದ್ದೆ. ಅವಳ ಆಣೆಯನ್ನು ನನ್ನ ಮೇಲೆ ಹಾಕಿ, ಆಗುದಾದ್ರೆ ನಂಗೆ ಆಗ್ಲಿ ಅಂತ ಕೇಳಿದೆ. ಅವರು ಬೈದ್ರು. ಆಣೆ ಎಂತ ಅಕ್ಕಿಮುಡಿಯಾ, ಒಬ್ಬನ ಹೆಗಲಿಂದ ಇನ್ನೊಬ್ಬನ ಹೆಗಲಿಗೆ ಹಾಕ್ಲಿಕ್ಕೆ ಅಂತ."

ಬಾಗಿಲಿನ ಈಚೆ ದಮಯಂತಿ ಹಣೆಯನ್ನು ಹಲಗೆಗೆ ಒತ್ತಿದಳು.

"ಬಿಡಿಸ್ಲಿಕ್ಕೆ ಆಗ್ತದಂತೆ. ಮುರಿದ ಮೇಲೂ ಆಗ್ತದಂತೆ, ತಡ ಮಾಡ್ಬಾರ್ದು ಅಷ್ಟೇ. ಇಬ್ಬರೂ ಹೋಗಿ ನಿಲ್ಬೇಕು. ಜಗಳ ಯಾಕೆ ಆಯ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ಒಂದು ಚೂರು ಮುಚ್ಚಿಟ್ರೂ ಬಿಡುದಿಲ್ಲಂತೆ."

ಅವನು ನಿಲ್ಲಿಸಿದ. ಆಮೇಲೆ ಇನ್ನೂ ಸಣ್ಣ ಸ್ವರದಲ್ಲಿ ಹೇಳಿದ:

"ನಂಗೆ ಹೆದರಿಕೆ ಆಗ್ತಾ ಉಂಟು ದಮಯಂತಿ. ಬಾಯ್ಲರಿಗೆ ಹೆದರಿದ್ದಕ್ಕಿಂತ ಜಾಸ್ತಿ. ನಾಳೆ ಬರ್ತಿಯಾ?"

ಒಂದು ಚೂರು ಮುಚ್ಚಿಟ್ಟರೂ ಬಿಡುವುದಿಲ್ಲ. ಅಂದರೆ ಆ ದಿನ ತಾನು ಯಾಕೆ ಕೂಗಲಿಲ್ಲ ಎಂಬುದನ್ನು, ಅವ್ವನ ಎದುರು, ತಿಮ್ಮಕ್ಕನ ಎದುರು, ಅವನ ಎದುರು... ಅದಕ್ಕಿಂತ ರಕ್ತ ಕಾರುವುದೇ ಸುಲಭವೇನೋ.

ಹೊರಗೆ ಅವನು ಕಾಯುತ್ತಿದ್ದ. ಉಸಿರು ಕೇಳಿಸುತ್ತಿತ್ತು.

ಅವಳು ಬೆರಳ ಗೆಣ್ಣಿನಿಂದ ಬಾಗಿಲಿಗೆ ಒಂದು ಪೆಟ್ಟು ಹಾಕಿದಳು. ಟಕ್.

"ಒಂದು ಅಂದ್ರೆ ಆವಿ ಬಿಡು," ಎಂದ ಅವನು. ಸ್ವರದಲ್ಲಿ ಅಳುವೋ ನಗುವೋ ಏನೋ ಇತ್ತು. "ಹೂಂ ಅಂತ ತಿಳ್ಕೊಳ್ತೇನೆ."

*

ಸೋಮವಾರ ಮಿಲ್ಲು ನಿಂತಿತ್ತು. ಬೆಲ್ಟಿನ ಸದ್ದಿಲ್ಲದ ಜಾಗ ಬೇರೆಯೇ ಊರಿನ ಹಾಗೆ ಕಾಣುತ್ತಿತ್ತು.

ಹಾಲೆ ಮರದಡಿ ಮಾಯಿಲಪ್ಪ ಕಲ್ಲು ತೊಳೆದು, ಸೀಯಾಳ ಇಟ್ಟು ನಿಂತಿದ್ದ. ಮಿಲ್ಲಿನಲ್ಲಿ ಎಲ್ಲರ ಮೂಟೆ ಹೊರುವ ಮನುಷ್ಯ. ಅಲ್ಲಿ ಅವನಿಗೆ 'ಏ' ಅನ್ನುವ ಬಾಯಿಗಳೆಲ್ಲ ಇಲ್ಲಿ ಕೈಮುಗಿದಿದ್ದವು. ಸಾಹುಕಾರರು ಸ್ವಲ್ಪ ದೂರ, ಬೇಲಿಯ ಆಚೆ ನಿಂತಿದ್ದರು.

"ಇಲ್ಲಿ ಮುಚ್ಚಿಟ್ಟದ್ದು ಇಲ್ಲೇ ಕೊಳೀತದೆ," ಎಂದ ಮಾಯಿಲಪ್ಪ. "ಹೊರಗೆ ಹಾಕಿ. ಮೊದಲು ಮಿಲ್ಲಿನ ದಣಿಗಳು ಎಂತ ಹೇಳ್ತಾರೆ?"

ಸಾಹುಕಾರರು ಬೆಚ್ಚಿದರು. "ನಾನಾ? ನನ್ನ ಧರ್ಮ ಬೇರೆ ಮಾಯಿಲಪ್ಪ..." ಆಮೇಲೆ ಮೇದಪ್ಪನ ಕಾಲಿನ ಬಟ್ಟೆ ಸುತ್ತಿದ ಹಿಮ್ಮಡಿ ನೋಡಿದರು. "ಧರ್ಮ ಬೇರೆ. ಆದ್ರೆ ವಾಲ್ವು ನನ್ನದೇ. ಅವನು ಹೇಳ್ತಾ ಬಂದ, ನಾನು ಸುಗ್ಗಿ ಸುಗ್ಗಿ ಅಂದೆ. ಹೊಸತು ಮಂಗಳೂರಿಂದ ಬರುವವರೆಗೆ ಬೆಂಕಿ ಹಾಕುದಿಲ್ಲ. ಇನ್ನು ಮೇದಪ್ಪ ನಿಲ್ಲಿಸು ಅಂದ್ರೆ ಮಿಲ್ಲು ನಿಂತದ್ದೇ."

"ಮೇದಪ್ಪ?"

ಮೇದಪ್ಪ ಕಲ್ಲನ್ನೇ ನೋಡಿ ಹೇಳಿದ. "ಎಲ್ಲರ ಎದುರು ಅವಳ ಬಾಯಿಗೆ ಬೈದೆ. ತಪ್ಪು. ಭತ್ತ ಹಾಳಾದ್ದಕ್ಕೆ ಬೈದದ್ದಲ್ಲ. ಆ ಮಿಲ್ಲಿನಲ್ಲಿ ನಂಗೆ ಧೈರ್ಯ ಅಂತ ಇದ್ದದ್ದು ಅವಳ ಕೂಗು ಒಂದೇ. ಅದು ಕೇಳಿದ್ರೆ ಎಲ್ಲ ಸರಿ ಉಂಟು ಅಂತ. ಬೆಳಿಗ್ಗೆಯಿಂದ ಅದನ್ನೇ ಕಾಯ್ತಾ ಇರ್ತೇನೆ. ಆ ದಿನ ಬರ್ಲಿಲ್ಲ. ಅವಳಿಗೆ ಎಂತದೋ ಆಯ್ತು ಅಂತ ಜೀವ ಹಾರಿಹೋಯ್ತು. ತಿರುಗಿ ನೋಡಿದ್ರೆ ನೆಟ್ಟಗೆ ನಿಂತಿದ್ದಾಳೆ! ಆ ಹೆದರಿಕೆಯೇ ಬೈಗುಳ ಆಯ್ತು."

ತಿಮ್ಮಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಈಗ ನೀನು ಹೇಳು ಮಗಳೇ," ಎಂದ ಮಾಯಿಲಪ್ಪ. "ನನ್ನ ಹತ್ರ ಹೇಳು, ಅವನ ಹತ್ರ ಬೇಡ. ಯಾಕೆ ಕೂಗ್ಲಿಲ್ಲ?"

ದಮಯಂತಿ ಕಲ್ಲಿನ ಕಡೆ ತಿರುಗಿದಳು. ಮರದ ಎಲೆ ಅಲುಗಿತು. ಗಾಳಿಯಾ?

"ನಾನು ನಿದ್ದೆ ಮಾಡ್ಲಿಲ್ಲ."

"ಮತ್ತೆ?"

"ನೋಡ್ತಾ ಇದ್ದೆ."

"ಭತ್ತವನ್ನಾ?"

"ಅಲ್ಲ." ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ಆ ದಿನ ಹಾಗೇ ಇತ್ತು. "ಉಮಿ ಹಾಕುವಾಗ ಬೆಂಕಿಯ ಬೆಳಕು ಮುಖಕ್ಕೆ ಬೀಳ್ತದಲ್ಲ. ಹಾಕಿದಾಗ ಕೆಂಪು ಆಗುದು, ಮತ್ತೆ ಕಪ್ಪು ಆಗುದು. ಅದನ್ನು ನೋಡ್ತಾ ಭತ್ತ ಮರ್ತುಹೋಯ್ತು."

"ಯಾರ ಮುಖ? ಗುಳಿಗನಿಗೆ ಹೆಸರು ಬೇಕು."

ಅವ್ವನ ಬಳೆ ಸದ್ದಾಯಿತು. ಆಚೆ ಹೊಳೆ ಹರಿಯುತ್ತಿತ್ತು.

"ಮೇದಪ್ಪನ."

"ಅಯ್ಯೋ ದೇವರೇ," ಎಂದಳು ಅವ್ವ.

"ನಾನು ಆವತ್ತೇ ಎಣಿಸಿದ್ದೆ," ಎಂದಳು ತಿಮ್ಮಕ್ಕ. "ಮಿಲ್ಲಿನ ಹುಡುಗಿಯರೆಲ್ಲ ಮೇದಪ್ಪಣ್ಣ ಅಂತ ಕರೆಯುವಾಗ ಇವಳು ಕೂಗಿದ್ದರಲ್ಲಿ ಅಣ್ಣ ಎಲ್ಲಿ ಹೋಯ್ತು ಅಂತ."

ಯಾರೋ ನಕ್ಕರು. ಈ ಸಲದ ನಗು ಅಂಗಳದಲ್ಲಿ ಕೇಳಿದ ಆ ನಗುವಿನ ಹಾಗೆ ಇರಲಿಲ್ಲ. ದಮಯಂತಿ ಕಣ್ಣು ತೆರೆಯಲಿಲ್ಲ. ತೆರೆದರೆ ಅವನ ಮುಖ ಕಾಣುತ್ತದೆ, ಕಂಡರೆ ತಾನು ಇಲ್ಲೇ ಕುಸಿಯುತ್ತೇನೆ ಎಂದುಕೊಂಡಳು.

ಮಾಯಿಲಪ್ಪ ಮಾತ್ರ ನಗಲಿಲ್ಲ. ನೀರು ತುಂಬಿದ ಗಿಂಡಿಯನ್ನು ಮೇದಪ್ಪನ ಕೈಗೆ ಕೊಟ್ಟ.

"ಅವಳ ಬೊಗಸೆಗೆ ಹೊಯ್ಯಿ. ಅವಳು ಕುಡೀಬೇಕು. ಮತ್ತೆ ಅವಳ ಬಾಯಿಂದ ನಿನ್ನ ಹತ್ರ ಒಂದು ಮಾತು ಬರ್ಬೇಕು. ಬಂದ್ರೆ ಬಿಟ್ಟ ಹಾಗೆ. ಗುಳಿಗ ಅದಕ್ಕೆ ಎಂತದೂ ಮಾಡುದಿಲ್ಲ."

ಎಳೆಯುವ ಹೆಜ್ಜೆ ಎದುರು ಬಂದು ನಿಂತಿತು. ದಮಯಂತಿ ಬೊಗಸೆ ಒಡ್ಡಿದಳು. ಬೊಗಸೆಗೆ ನೀರು ಬಿತ್ತು. ಬಗ್ಗಿ ಕುಡಿದಳು. ಬಾವಿಯ ನೀರು, ತಣ್ಣಗೆ, ಜ್ವರದ ಗಂಟಲಿನಲ್ಲಿ ಇಳಿಯಿತು. ಅವನು ಹೊಯ್ಯುತ್ತಲೇ ಇದ್ದ. ಬೊಗಸೆ ತುಂಬಿ, ಮುಂಗೈ ತೊಯ್ದು, ಮೊಣಕೈಯಿಂದ ಇಳಿದು ಸೆರಗು ಒದ್ದೆಯಾಯಿತು.

ಮಾತು ಬರಬೇಕು. ಒಂದು ಮಾತು. ಅದೂ ಆಣೆ ಮುರಿದ ಆ ಕೂಗಿನ ಹಾಗೆ ಆದರೆ? ಅವಳು ಕಣ್ಣು ತೆರೆದಳು. ಎದುರಿಗಿದ್ದ ಮುಖ ಅವಳಿಗಿಂತ ಹೆಚ್ಚು ಹೆದರಿತ್ತು.

"ಸಾಕು," ಎಂದಳು.

ಮರ ಅಲುಗಲಿಲ್ಲ. ಕಾಗೆ ಹಾರಲಿಲ್ಲ. ಎದೆಯಿಂದ ಏನೂ ಉಕ್ಕಲಿಲ್ಲ.

ಮೇದಪ್ಪ ಹೊಯ್ಯುವುದನ್ನು ನಿಲ್ಲಿಸಲಿಲ್ಲ.

"ಕೇಳ್ಲಿಲ್ಲ," ಎಂದ. ಅವನ ಕಣ್ಣು ತುಂಬಿತ್ತು. "ಜೋರು ಹೇಳು. ಬಾಯ್ಲರ್ ದೂರ ಉಂಟಲ್ಲ."

ದಮಯಂತಿ ಉಸಿರು ಎಳೆದುಕೊಂಡಳು. ಹೊಳೆಯ ಆಚೆ ದಡದಲ್ಲಿ ದೋಣಿಯವನು ಕೋಲು ನಿಲ್ಲಿಸಿ ಇತ್ತ ತಿರುಗಿ ನೋಡುವ ಹಾಗೆ ಕೂಗಿದಳು.

"ಸಾಕೂ!"